ಬಾಲದ ಫೇರಿಂಗ್: ಕೂರಿಸಿದ್ದು, ಕೆಡಿಸಿದ್ದು, ಮತ್ತೆ ಕೂರಿಸಿದ್ದು

ಒಹಾಯೊದ ನಮ್ಮ ಮನೆಯ ಗ್ಯಾರೇಜಿನಲ್ಲಿ ಆರು ವರ್ಷಗಳಿಂದ ಕಟ್ಟುತ್ತಿರುವ ಆರ್‌ವಿ-7 ವಿಮಾನದ ಬಾಲಕ್ಕೆ ಫೇರಿಂಗ್ ಕೂರಿಸುವ ಕೆಲಸ ಕಳೆದ ವಾರ ಮುಗಿಯಿತು. ಇದು ಆರೆಗಾನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್‌ನಿಂದ ಕಟ್ಟುವ, ಇಬ್ಬರು ಅಕ್ಕಪಕ್ಕ ಕುಳಿತು ಹಾರುವ, ಅಲ್ಯೂಮಿನಿಯಂ ತಗಡಿನ ವಿಮಾನ. ಬಾಲದಲ್ಲಿ ಅಡ್ಡ ಸ್ಟೆಬಿಲೈಸರ್, ಲಂಬ ಸ್ಟೆಬಿಲೈಸರ್ (ಹಾರುವಾಗ ವಿಮಾನವನ್ನು ಸ್ಥಿರವಾಗಿಡುವ, ಅಲುಗದ ಪುಟ್ಟ ರೆಕ್ಕೆಗಳು) ಮತ್ತು ವಿಮಾನದ ಒಡಲು, ಈ ಮೂರೂ ಸೇರುವ ಜಾಗದಲ್ಲಿ ಕೈ ತೂರುವಷ್ಟು ಸಂದು ಉಳಿಯುತ್ತದೆ. ಆ ಸಂದನ್ನು ಮುಚ್ಚಿ, ಗಾಳಿ ತಡೆಯಿಲ್ಲದೆ ಹರಿದುಹೋಗುವಂತೆ ಮಾಡುವ ಫೈಬರ್‌ಗ್ಲಾಸ್ ಹೊದಿಕೆಯೇ ಫೇರಿಂಗ್. ಎರಡು ವಾರಾಂತ್ಯಗಳಲ್ಲಿ ಮುಗಿಯಬಹುದೆಂದು ಅಂದಾಜಿಸಿದ್ದ ಕೆಲಸಕ್ಕೆ ಹತ್ತು ವಾರಾಂತ್ಯಗಳು ಹಿಡಿದವು. ಹಿಡಿದ 58 ಗಂಟೆಗಳಲ್ಲಿ 21 ಗಂಟೆ ನನ್ನ ತಪ್ಪುಗಳನ್ನು ಸರಿಪಡಿಸುವುದಕ್ಕೇ ಹೋಯಿತು. ಆದ್ದರಿಂದ ತಪ್ಪುಗಳನ್ನೇ ಹೆಚ್ಚು ವಿವರವಾಗಿ ಬರೆದಿಟ್ಟಿದ್ದೇನೆ.

ಹಂತ 1: 2023 ಅಕ್ಟೋಬರ್ 14, ಮೊದಲ ಕತ್ತರಿಕೆ

ಕೆಲಸ ಶುರುಮಾಡುವ ಮೊದಲು ಫೇರಿಂಗನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ 540 ಗ್ರಾಂ ಬಂತು. ಬಾಲವು ವಿಮಾನದ ಗುರುತ್ವ ಕೇಂದ್ರದಿಂದ ಬಹಳ ದೂರದಲ್ಲಿರುವುದರಿಂದ ಅಲ್ಲಿ ಸೇರುವ ಪ್ರತಿ ಗ್ರಾಮಿಗೂ ಲೆಕ್ಕ ಇಡಬೇಕು. ಲೇಪ ಬಳಿಯುವಾಗ ಇದು ಮರೆತುಹೋಗದಿರಲಿ ಎಂದು ಮೊದಲ ತೂಕವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ.

ಅಚ್ಚಿನಿಂದ ಬಂದ ಫೈಬರ್‌ಗ್ಲಾಸ್ ಭಾಗಗಳು ಯಾವ ಕಿಟ್‌ನಲ್ಲೂ ನೇರವಾಗಿ ಕೂರುವುದಿಲ್ಲ. ಅಂಚುಗಳಲ್ಲಿ ಹೆಚ್ಚುವರಿ ಭಾಗ ಬಿಟ್ಟಿರುತ್ತಾರೆ, ಅದನ್ನು ಕಟ್ಟುವವನೇ ತನ್ನ ವಿಮಾನಕ್ಕೆ ಹೊಂದುವಂತೆ ಕತ್ತರಿಸಿಕೊಳ್ಳಬೇಕು. ಮೊದಲಿಗೆ ಸ್ಟೆಬಿಲೈಸರ್‌ಗಳ ತಗಡಿಗೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿದೆ. ತಗಡಿಗೆ ಗೀರು ಬೀಳದಂತೆ ಕಾಯುವುದೂ, ಮುಂದೆ ಎಪಾಕ್ಸಿ (ರಾಳಕ್ಕೆ ಗಟ್ಟಿಕಾರಕ ಬೆರೆಸಿ ಮಾಡುವ ಅಂಟು) ಬಳಸುವಾಗ ಅದು ತಗಡಿಗೆ ಅಂಟದಂತೆ ತಡೆಯುವುದೂ ಈ ಟೇಪಿನ ಕೆಲಸ. ಅನಂತರ ಫೇರಿಂಗನ್ನು ಮೇಲಿಟ್ಟು, ಲಂಬ ಸ್ಟೆಬಿಲೈಸರಿನ ಮುಂಚೂಣಿಯ ನಡುಗೆರೆಗೂ ಫೇರಿಂಗಿನ ನಡುಗೆರೆಗೂ ಗುರುತು ಹಾಕಿ, ಎಡ ಬಲ ಎರಡೂ ಬದಿಯಲ್ಲಿ ಪೆನ್ಸಿಲಿನಿಂದ ಕತ್ತರಿಕೆಯ ಗೆರೆ ಎಳೆದೆ.

ಮೊದಲ ತಪ್ಪು ಆದದ್ದು ಇಲ್ಲಿಯೇ. ಬಲಗಡೆಯನ್ನು ಡ್ರೆಮೆಲ್ ಎಂಬ ಕೈ ಯಂತ್ರದ ಕತ್ತರಿಸುವ ಚಕ್ರದಿಂದ ಗೆರೆಗಿಂತ 3 ಮಿಲಿಮೀಟರ್ ಹೊರಗೆ ಕತ್ತರಿಸಿ, ಉಳಿದದ್ದನ್ನು ಮರದ ತುಂಡಿಗೆ ಅಂಟಿಸಿದ 80ನೇ ನಂಬರಿನ ಮರಳು ಕಾಗದದಿಂದ ಉಜ್ಜಿ ಗೆರೆಗೆ ತಂದೆ. ಅದು ಚೆನ್ನಾಗಿ ಕೂತಿತು. ಆ ಧೈರ್ಯದಲ್ಲಿ ಎಡಗಡೆಯನ್ನು ನೇರವಾಗಿ ಗೆರೆಯ ಮೇಲೆಯೇ ಕತ್ತರಿಸಿದೆ. ಆದರೆ ಆ ಗೆರೆ ಎಳೆದದ್ದು ಬಲಗಡೆಯನ್ನು ಕತ್ತರಿಸುವ ಮೊದಲು. ಬಲಗಡೆ ಕತ್ತರಿಸಿದ ಮೇಲೆ ಫೇರಿಂಗ್ ಸ್ವಲ್ಪ ಕೆಳಗೆ ಇಳಿದು ಬಲಕ್ಕೆ ವಾಲಿ ಕೂತಿತ್ತು, ಹಾಗಾಗಿ ಎಡಗಡೆಯ ಗೆರೆ ಆಗಲೇ ಸುಳ್ಳಾಗಿತ್ತು. ಮತ್ತೆ ಇಟ್ಟು ನೋಡಿದಾಗ ಎಡ ಅಂಚು ತಗಡಿನ ಮೇಲೆ ಬರಬೇಕಾದುದಕ್ಕಿಂತ ಸುಮಾರು 6 ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಒಂದು ಬದಿಯನ್ನು ಕತ್ತರಿಸಿದ ಮೇಲೆ ಇನ್ನೊಂದು ಬದಿಯ ಗೆರೆಯನ್ನು ಅಳಿಸಿ ಹೊಸದಾಗಿ ಎಳೆಯಲೇಬೇಕು.

ಹಂತ 2: ಅಕ್ಟೋಬರ್ 21 ಮತ್ತು 22, ಕಳೆದ ಅಂಚನ್ನು ಕಟ್ಟಿದ್ದು

ಹೊಸ ಫೇರಿಂಗ್ ತರಿಸುವ ಯೋಚನೆ ಬಂದಿತ್ತು. ಆದರೆ ತಗಡನ್ನೇ ಅಚ್ಚಾಗಿ ಬಳಸಿ ಅಂಚನ್ನು ಬೆಳೆಸಬಹುದು ಎಂದು ನಮ್ಮೂರಿನ ಇಎಎ (ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಶಾಖೆಯ ತಾಂತ್ರಿಕ ಸಲಹೆಗಾರರಾಗಿರುವ ಹಿರಿಯರು ಹೇಳಿದರು. ಇಎಎ ಸಂಸ್ಥೆ ಮನೆಯಲ್ಲಿ ವಿಮಾನ ಕಟ್ಟುವವರಿಗೆ ಇಂಥ ಅನುಭವಸ್ಥರ ನೆರವನ್ನು ಉಚಿತವಾಗಿ ಒದಗಿಸುತ್ತದೆ. ಅವರು ಮೂರು ಸಲ ಗ್ಯಾರೇಜಿಗೆ ಬಂದು ಹೋದದ್ದರಿಂದ ನನಗೆ ಆದ ಉಪಕಾರವನ್ನು ಡಾಲರಿನಲ್ಲಿ ಲೆಕ್ಕ ಹಾಕಲಾಗದು.

ಎಡ ಅಂಚಿನ ಹೊರಮೈಯನ್ನು 30 ಮಿಲಿಮೀಟರ್ ಅಗಲಕ್ಕೆ ಇಳಿಜಾರಾಗಿ ಉಜ್ಜಿ ತೆಳುವಾಗಿಸಿದೆ. ಫೇರಿಂಗನ್ನು ಅದರ ಸರಿಯಾದ ಜಾಗದಲ್ಲಿ ಟೇಪಿನಿಂದ ಬಿಗಿದು, ತಗಡಿನ ಮೇಲಿನ ಪ್ಯಾಕಿಂಗ್ ಟೇಪಿಗೆ ಮೇಣ ಸವರಿದೆ. ವೆಸ್ಟ್ ಸಿಸ್ಟಂ ಎಂಬ ಎಪಾಕ್ಸಿಯ 105 ರಾಳಕ್ಕೆ 206 ಎಂಬ ನಿಧಾನ ಗಟ್ಟಿಕಾರಕವನ್ನು 5 ಪಾಲಿಗೆ 1 ಪಾಲಿನಂತೆ ಬೆರೆಸಿ, ಐದು ಪದರ ಗಾಜಿನ ಬಟ್ಟೆಯನ್ನು ಒಂದಕ್ಕಿಂತ ಒಂದು ಅಗಲವಾಗಿ ಕತ್ತರಿಸಿಟ್ಟುಕೊಂಡು, ಹಳೆಯ ಅಂಚಿನಿಂದ ತಗಡಿನ ಮೇಲಿನವರೆಗೆ ಹಾಸಿದೆ. ಕೊನೆಯಲ್ಲಿ ಪೀಲ್ ಪ್ಲೈ ಎಂಬ ನೈಲಾನ್ ಬಟ್ಟೆ ಹಾಸಿ, ಹೆಚ್ಚಾದ ರಾಳವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ತೆಗೆದೆ.

ಮರುದಿನ ಬೆಳಿಗ್ಗೆ ಮುಟ್ಟಿದರೆ ಹಲಸಿನ ಅಂಟಿನ ಹಾಗೆ ಬೆರಳಿಗೆ ಹತ್ತುತ್ತಿತ್ತು. ರಾತ್ರಿ ಗ್ಯಾರೇಜಿನ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು, ಈ ನಿಧಾನ ಗಟ್ಟಿಕಾರಕಕ್ಕೆ ಕನಿಷ್ಠ 16 ಡಿಗ್ರಿಯಾದರೂ ಬೇಕು. ಬಾಲದ ಮೇಲೆ ಹಳೆಯ ಕಂಬಳಿಯನ್ನು ಗುಡಾರದಂತೆ ಕಟ್ಟಿ, ಎಣ್ಣೆ ತುಂಬಿದ ವಿದ್ಯುತ್ ಹೀಟರನ್ನು ಕಂಬಳಿಗೆ ತಾಗದಷ್ಟು ದೂರದಲ್ಲಿಟ್ಟು, ಇಡೀ ಭಾನುವಾರ ಅದರ ಪಕ್ಕದಲ್ಲೇ ಕುಳಿತು ಕಾದೆ. ಸಂಜೆಯ ಹೊತ್ತಿಗೆ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಯಿತು. ಬಿಚ್ಚಿ ನೋಡಿದಾಗ, ಹೊಸದಾಗಿ ಕಟ್ಟಿದ ಎಡ ಅಂಚು ತಗಡಿನ ಬಾಗುವಿಕೆಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಹೊಂದಿತ್ತು. ಕತ್ತರಿಸಿ ಕೂರಿಸಿದ ಬಲಗಡೆ ಅದಕ್ಕಿಂತ ಒರಟಾಗಿ ಕಂಡದ್ದರಿಂದ ಮುಂದಿನ ವಾರ ಬಲ ಅಂಚಿಗೂ ಇದೇ ರೀತಿ ಎರಡು ಪದರ ಹಾಸಿದೆ. ಇನ್ನೊಮ್ಮೆ ಇಂಥ ಕೆಲಸ ಮಾಡುವುದಾದರೆ ಎರಡೂ ಬದಿಯನ್ನು ಬೇಕೆಂದೇ ಸ್ವಲ್ಪ ಕಡಿಮೆ ಕತ್ತರಿಸಿ, ಅಂಚನ್ನು ತಗಡಿನ ಮೇಲೆಯೇ ಬೆಳೆಸುತ್ತೇನೆ.

ಹಂತ 3: ಅಕ್ಟೋಬರ್ 28, ತೂತು ಮತ್ತು ಸ್ಕ್ರೂ

ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ಸ್ಟೆಬಿಲೈಸರಿನ ಬೋಲ್ಟುಗಳನ್ನೂ ಎಲಿವೇಟರನ್ನು (ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡಲು ಅಡ್ಡ ಸ್ಟೆಬಿಲೈಸರಿನ ಹಿಂದೆ ತಿರುಗುವ ಭಾಗ) ತಿರುಗಿಸುವ ಕೊಂಬುಗಳನ್ನೂ ನೋಡಬೇಕಾಗುತ್ತದೆ, ಅದಕ್ಕಾಗಿ ಫೇರಿಂಗನ್ನು ಬಿಚ್ಚಲೇಬೇಕು. ಹಾಗಾಗಿ ಅಂಟಿಸುವಂತಿಲ್ಲ, ಸ್ಕ್ರೂಗಳಲ್ಲೇ ಕೂರಿಸಬೇಕು. ಒಟ್ಟು 32 ಸ್ಕ್ರೂಗಳು, ಎಲ್ಲವೂ 6ನೇ ನಂಬರಿನವು, ಒಂದರಿಂದ ಒಂದಕ್ಕೆ ಸುಮಾರು 75 ಮಿಲಿಮೀಟರ್ ಅಂತರ. ನಡುಗೆರೆಯಿಂದ ಶುರುಮಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಂಬಂತೆ 40ನೇ ನಂಬರಿನ ಬಿಟ್‌ನಿಂದ ಫೇರಿಂಗ್ ಮತ್ತು ತಗಡು ಎರಡನ್ನೂ ಒಟ್ಟಿಗೆ ಕೊರೆದು, ಪ್ರತಿ ತೂತಿಗೂ ಕೂಡಲೇ ಕ್ಲೀಕೊ (ಎರಡನ್ನೂ ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನು) ಹಾಕುತ್ತಾ ಹೋದೆ. ಒಳಗೆ ಬಾಲದ ದೀಪದ ತಂತಿ ಹಾದುಹೋಗುವುದರಿಂದ ಬಿಟ್‌ಗೆ ಸಣ್ಣ ಕೊಳವೆ ತೊಡಿಸಿ, ತುದಿ 5 ಮಿಲಿಮೀಟರಿಗಿಂತ ಹೆಚ್ಚು ಒಳಹೋಗದಂತೆ ಮಾಡಿಕೊಂಡಿದ್ದೆ. ಎಲ್ಲ ತೂತುಗಳೂ ಮುಗಿದ ಮೇಲೆ 27ನೇ ನಂಬರಿನ ಬಿಟ್‌ಗೆ ಹಿಗ್ಗಿಸಿದೆ. ಕೈ ಹೋಗುವ ಕಡೆಯೆಲ್ಲ ನಟ್‌ಪ್ಲೇಟುಗಳನ್ನು (ತಗಡಿನ ಹಿಂದೆ ಕೂತು ಸ್ಕ್ರೂ ಹಿಡಿಯುವ ನಟ್ಟುಗಳು) ಮಾಮೂಲಿ ರಿವೆಟ್‌ಗಳಿಂದಲೂ, ಹಿಂದಿನಿಂದ ಒತ್ತು ಕೊಡಲಾಗದ ಏಳು ಕಡೆಗಳಲ್ಲಿ ಚಪ್ಪಟೆ ತಲೆಯ ಪಾಪ್ ರಿವೆಟ್‌ಗಳಿಂದಲೂ ಕೂರಿಸಿದೆ.

ಸ್ಕ್ರೂ ತಲೆ ಮುಳುಗುವಂತೆ ಫೈಬರ್‌ಗ್ಲಾಸಿನಲ್ಲಿ ಕುಳಿ ತೋಡುವಾಗ ಎರಡನೆಯ ತಪ್ಪು ನಡೆಯಿತು. ವಿಮಾನದ ಸ್ಕ್ರೂಗಳ ಚಪ್ಪಟೆ ತಲೆಯ ಕೋನ 100 ಡಿಗ್ರಿ. ನನ್ನ ಕೈಗೆ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡಿದ್ದ 82 ಡಿಗ್ರಿಯ ಕೌಂಟರ್‌ಸಿಂಕ್. ನಾಲ್ಕು ತೂತು ತೋಡಿ ಸ್ಕ್ರೂ ಬಿಗಿದಾಗ ತಲೆಯ ಹೊರ ಅಂಚು ಮಾತ್ರ ಕುಳಿಗೆ ತಾಗಿ, ಭಾರವೆಲ್ಲ ಒಂದು ತೆಳು ಗೆರೆಯ ಮೇಲೆ ಬಿದ್ದು, ಸುತ್ತಲೂ ಬಿಳಿ ಬಿರುಕು ಮೂಡಿತು. ಆ ನಾಲ್ಕನ್ನು ಹತ್ತಿಯ ನಾರು ಬೆರೆಸಿದ ಎಪಾಕ್ಸಿಯಿಂದ ತುಂಬಿ, ಸರಿಯಾದ ಕೋನದ ಬಿಟ್ ತರಿಸಿ ಮತ್ತೆ ಕೊರೆದೆ. ಉಪಕರಣದ ಮೇಲೆ ಕೋನ ಅಚ್ಚಾಗಿಯೇ ಇತ್ತು, ನಾನು ಓದಿರಲಿಲ್ಲ.

ಹಂತ 4: ನವೆಂಬರ್ 4ರಿಂದ 11, ಲೇಪ ಎದ್ದು ಬಂದದ್ದು

ಅಂಚುಗಳು ತಗಡಿನ ಮಟ್ಟಕ್ಕೆ ಸಪಾಟಾಗಿ ಇಳಿಯಬೇಕಾದರೆ, ಹೊಸ ಪದರಗಳ ಮೇಲಿನ ತಗ್ಗುಗಳನ್ನು ತುಂಬಬೇಕು. ಇದಕ್ಕೆ ಎಪಾಕ್ಸಿಯಲ್ಲಿ ಮೈಕ್ರೊಬಲೂನ್ ಎಂಬ ಹಗುರವಾದ ಪುಡಿಯನ್ನು ಬೆರೆಸುತ್ತಾರೆ. ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿದರೆ ನೆಟ್ಟಗಿನ ಮೈಯಿಂದ ಜಾರಿ ಕೆಳಗೆ ಇಳಿಯುತ್ತದೆ. ಹೋಳಿಗೆಯ ಕಣಕದಷ್ಟು ಮೆತ್ತಗೆ, ಆದರೆ ಹಚ್ಚಿದಲ್ಲೇ ನಿಲ್ಲುವ ಹಾಗೆ ಇರಬೇಕು. ಪುಡಿ ಹೆಚ್ಚಾದಷ್ಟೂ ತೂಕ ಕಡಿಮೆಯಾಗುತ್ತದೆ, ಉಜ್ಜುವುದೂ ಸುಲಭವಾಗುತ್ತದೆ.

ನವೆಂಬರ್ 4ರಂದು ಮೊದಲ ಲೇಪ ಹಚ್ಚಿದೆ. ಮರುದಿನ 80ನೇ ನಂಬರಿನ ಕಾಗದದಿಂದ ಉಜ್ಜಿದೆ, ತಗ್ಗು ಉಳಿದ ಕಡೆ ಎರಡನೆಯ ಲೇಪ ಹಚ್ಚಿದೆ. ದೀಪಾವಳಿಯ ಹಿಂದಿನ ದಿನವಾದ ನವೆಂಬರ್ 11ರಂದು, ಹಬ್ಬಕ್ಕೆ ಬರುವ ಗೆಳೆಯರಿಗೆ ತೋರಿಸಬೇಕೆಂಬ ಆಸೆಯಿಂದ 120ನೇ ನಂಬರಿನ ಕಾಗದ ಹಿಡಿದು ಉಜ್ಜುತ್ತಿದ್ದಾಗ, ಬಲಗಡೆಯಲ್ಲಿ ಅಂಗೈಯಗಲದ ಲೇಪ ಹಪ್ಪಳದಂತೆ ಒಂದೇ ತುಂಡಾಗಿ ಎದ್ದು ಕೈಗೆ ಬಂತು. ತುಂಡಿನ ಹಿಂಬದಿ ಕನ್ನಡಿಯಷ್ಟು ನುಣುಪಾಗಿತ್ತು, ಕೆಳಗಿನ ಪದರವೂ ಹಾಗೆಯೇ ಇತ್ತು. ಎರಡರ ನಡುವೆ ಹಿಡಿತವೇ ಇರಲಿಲ್ಲ.

ಈ ಎಪಾಕ್ಸಿ ಗಟ್ಟಿಯಾಗುವಾಗ, ಅದರಲ್ಲೂ ತಂಪು ಮತ್ತು ತೇವ ಇರುವ ಹವೆಯಲ್ಲಿ, ಮೇಲ್ಮೈಯಲ್ಲಿ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಇದನ್ನು ಅಮೀನ್ ಬ್ಲಶ್ ಎನ್ನುತ್ತಾರೆ. ಇದು ನೀರಿನಲ್ಲಿ ಕರಗುವ ವಸ್ತು, ಬರೀ ನೀರು ಮತ್ತು ಒರಟು ಪ್ಯಾಡಿನಿಂದ ತಿಕ್ಕಿ ಒರೆಸಿದರೆ ಹೋಗುತ್ತದೆ. ನಾನು ತೊಳೆಯದೆಯೇ ಉಜ್ಜಿದ್ದರಿಂದ ಆ ಮೇಣ ಹೋಗುವ ಬದಲು ಗೀರುಗಳೊಳಗೆ ಮೆತ್ತಿಕೊಂಡಿತ್ತು. ಎಡಗಡೆಯಲ್ಲಿ ಈ ತೊಂದರೆ ಕಾಣಲಿಲ್ಲ, ಏಕೆಂದರೆ ಅಲ್ಲಿ ಪೀಲ್ ಪ್ಲೈ ಹಾಸಿದ್ದೆ, ಅದನ್ನು ಸೀಳಿ ತೆಗೆದಾಗ ಪೊರೆಯೂ ಅದರ ಜೊತೆಗೆ ಹೋಗಿ ಹೊಸ ಮೈ ಸಿಕ್ಕಿತ್ತು. ಬಲಗಡೆಯಲ್ಲಿ ಬಟ್ಟೆ ಸಾಲಲಿಲ್ಲವೆಂದು ಅದನ್ನು ಹಾಸದೆ ಬಿಟ್ಟಿದ್ದೆ. ಹಿಡಿತವಿದೆಯೋ ಇಲ್ಲವೋ ಎಂಬ ಅನುಮಾನವನ್ನು ಹಾರುವ ವಸ್ತುವಿನ ಮೇಲೆ ಉಳಿಸಿಕೊಳ್ಳುವಂತಿಲ್ಲವಾದ್ದರಿಂದ, ಗಟ್ಟಿಯಾಗಿಯೇ ಕಾಣುತ್ತಿದ್ದ ಭಾಗವನ್ನೂ ಸೇರಿಸಿ ಬಲಗಡೆಯ ಲೇಪ ಪೂರ್ತಿ ಕೆರೆದು ತೆಗೆದೆ. ಗೆಳೆಯರು ಹಬ್ಬದ ದಿನ ನೋಡಿದ್ದು ಬೋಳಾದ ಫೇರಿಂಗನ್ನೇ.

ಹಂತ 5: ನವೆಂಬರ್ 18 ಮತ್ತು 25

ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಉಜ್ಜಿ, ಮತ್ತೆ ಲೇಪ ಹಚ್ಚಿದೆ. ಪ್ರತಿ ಪದರಕ್ಕೂ ಇದೇ ಕ್ರಮ. ಉಜ್ಜುವುದು 80, 120, 220 ಎಂಬ ಸರಣಿಯಲ್ಲಿ, ಯಾವಾಗಲೂ ಉದ್ದನೆಯ ಮರದ ಪಟ್ಟಿಗೆ ಕಾಗದ ಅಂಟಿಸಿಕೊಂಡೇ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಆಕಾರದ ಹಳ್ಳಗಳು ಬೀಳುತ್ತವೆ, ಬಣ್ಣ ಬಳಿದ ಮೇಲೆಯೇ ಅವು ಕಣ್ಣಿಗೆ ಕಾಣುವುದು. ಕೊನೆಗೆ ಉಳಿದ ಸೂಜಿಮೊನೆಯಂಥ ತೂತುಗಳಿಗೆ ಪುಡಿ ಬೆರೆಸದ ಎಪಾಕ್ಸಿಯನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಬಿಗಿಯಾಗಿ ಒರೆಸಿದೆ. ದೂಳು ಶ್ವಾಸಕೋಶಕ್ಕೆ ಹೋಗದಂತೆ ಫಿಲ್ಟರ್ ಇರುವ ಮುಖವಾಡ ಹಾಕಿಕೊಂಡಿದ್ದೆ, ಮುಂಗೈಗೆ ಉದ್ದ ತೋಳಿನ ಅಂಗಿ ಹಾಕದೆ ಇದ್ದ ಒಂದು ದಿನ ಮಾತ್ರ ರಾತ್ರಿಯಿಡೀ ತುರಿಕೆ. ಈ ಹಂತದ ಕೊನೆಗೆ ತೂಕ 655 ಗ್ರಾಂ.

ಹಂತ 6: ಡಿಸೆಂಬರ್ 2, ರಬ್ಬರ್ ಅಂಚು

ಸ್ಕ್ರೂ ಬಿಗಿದ ಫೇರಿಂಗಿನ ಅಂಚು ಹಾರಾಟದ ಕಂಪನದಲ್ಲಿ ತಗಡನ್ನು ಸವೆಸದಂತೆ, ಒಳಮೈಗೆ ಸವಕಳಿ ತಡೆಯುವ ಪ್ಲಾಸ್ಟಿಕ್ ಟೇಪನ್ನು ಅಂಟಿಸಿದೆ. ಸ್ಕ್ರೂ ಇಲ್ಲದ ಹಿಂಬದಿಯ ಅಂಚಿಗೆ, ಕಾರಿನ ಬಾಗಿಲಿಗೆ ಇರುವಂಥ ಸೀಳು ರಬ್ಬರನ್ನು ತೊಡಿಸಿದೆ. ನೋಡಲು ಬಹಳ ಅಂದವಾಗಿತ್ತು, ಸಂದು ಪೂರ್ತಿ ಮುಚ್ಚಿತ್ತು.

ನಕ್ಷೆಯ ಪ್ರಕಾರ ಈ ವಿಮಾನದ ಎಲಿವೇಟರ್ ಮೇಲಕ್ಕೆ 25ರಿಂದ 30 ಡಿಗ್ರಿ, ಕೆಳಕ್ಕೆ 20ರಿಂದ 25 ಡಿಗ್ರಿ ತಿರುಗಬೇಕು. ಎಲಿವೇಟರಿನ ಮೇಲೆ ಡಿಜಿಟಲ್ ಕೋನಮಾಪಕವನ್ನು ಟೇಪಿನಿಂದ ಕಟ್ಟಿ, ನಾನು ಕಾಕ್‌ಪಿಟ್‌ನಲ್ಲಿ ಕುಳಿತು ಅದನ್ನು ತಿರುಗಿಸುವ ಸ್ಟಿಕ್ಕನ್ನು ನಿಧಾನವಾಗಿ ಹಿಂದಕ್ಕೆ ಎಳೆದೆ. ಕೈಗೆ ಯಾವ ತಡೆಯೂ ತಿಳಿಯಲಿಲ್ಲ. ಹನ್ನೊಂದು ವರ್ಷದ ಮಗಳು ಬಾಲದ ಬಳಿ ನಿಂತು ಕೋನವನ್ನು ಓದಿ ಹೇಳುತ್ತಿದ್ದಳು. ಇಪ್ಪತ್ತೆರಡು, ಇಪ್ಪತ್ತಮೂರು ಎಂದವಳು, ಫೇರಿಂಗಿಗೆ ಕಿವಿ ಹತ್ತಿರ ತಂದು, “ಅಪ್ಪಾ, ನಿಲ್ಸು, ಇಲ್ಲಿ ಏನೋ ಉಜ್ತಾ ಇದೆ” ಎಂದಳು.

ಇಳಿದು ಹೋಗಿ ನೋಡಿದೆ. 24 ಡಿಗ್ರಿ ದಾಟಿದ ಮೇಲೆ ಎಲಿವೇಟರಿನ ಒಳತುದಿಯ ಮೇಲ್ಮೈ ಎಡಗಡೆಯ ರಬ್ಬರಿಗೆ ತಾಗಿ, ಅದನ್ನು ಒಳಕ್ಕೆ ಮಡಚುತ್ತಿತ್ತು. ಸ್ಟಿಕ್ ಮುಂದಕ್ಕೆ ಬಿಟ್ಟಾಗ ರಬ್ಬರ್ ಮತ್ತೆ ನೆಟ್ಟಗಾಗುತ್ತಿತ್ತು. ಬೆಚ್ಚಗಿನ ಗ್ಯಾರೇಜಿನಲ್ಲಿ ಮೆತ್ತಗಿದ್ದ ಈ ರಬ್ಬರ್ ಚಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು, ಉಳಿದ ತುಂಡನ್ನು ಆ ರಾತ್ರಿ ಹೊರಗಿಟ್ಟೆ. ಬೆಳಿಗ್ಗೆ ಸೊನ್ನೆಗಿಂತ 4 ಡಿಗ್ರಿ ಕೆಳಗಿತ್ತು. ಮಡಚಿದ ತುಂಡು ಮಡಚಿಕೊಂಡೇ ಉಳಿಯಿತು, ಬಿಡಿಸಿಕೊಳ್ಳಲು ನಾಲ್ಕೈದು ಸೆಕೆಂಡು ತೆಗೆದುಕೊಂಡಿತು.

ಇದು ಹಿಂಬದಿ ಚಕ್ರದ ವಿಮಾನ. ಮೂರೂ ಚಕ್ರಗಳ ಮೇಲೆ ಒಟ್ಟಿಗೆ ಇಳಿಸುವಾಗ ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತೇವೆ. ಆ ಕ್ಷಣದಲ್ಲಿ ರಬ್ಬರ್ ಸಿಕ್ಕಿಕೊಂಡರೆ, ಅಥವಾ ಎಳೆದ ಎಲಿವೇಟರ್ ಮರಳುವಾಗ ತಡೆದರೆ, ಏನಾಗುತ್ತದೆ ಎಂಬುದನ್ನು ನಾನು ಆ ಭಾನುವಾರವೆಲ್ಲ ಯೋಚಿಸಿದೆ. ಸಂದು ಮುಚ್ಚುವುದರಿಂದ ಸಿಗುವ ಲಾಭ ಗಂಟೆಗೆ ಒಂದೋ ಎರಡೋ ಮೈಲಿ ವೇಗ ಇರಬಹುದು. ಅದಕ್ಕಾಗಿ ನಿಯಂತ್ರಣದ ದಾರಿಯಲ್ಲಿ ಅಡ್ಡ ಬರಬಹುದಾದ ಯಾವುದನ್ನೂ ಇಡಬಾರದು. ಹಿಂಬದಿಯ ಕೊನೆಯ 100 ಮಿಲಿಮೀಟರ್ ಉದ್ದಕ್ಕೆ ಎರಡೂ ಕಡೆ ರಬ್ಬರನ್ನು ಕತ್ತರಿಸಿ ತೆಗೆದೆ. ಫೈಬರ್‌ಗ್ಲಾಸಿನ ಅಂಚನ್ನೂ ಅರದಿಂದ ತಿದ್ದಿ, 30 ಡಿಗ್ರಿಯಲ್ಲಿಯೂ 1/8 ಇಂಚಿನ ಡ್ರಿಲ್ ಬಿಟ್ ಸಂದಿನಲ್ಲಿ ಸಲೀಸಾಗಿ ಜಾರುವಂತೆ ಮಾಡಿದೆ. ಅಲ್ಲಿ ಸಂದು ಕಾಣುತ್ತದೆ, ಕಾಣಲಿ. ಲಂಬ ಸ್ಟೆಬಿಲೈಸರಿನ ಹಿಂದೆ ತಿರುಗುವ ರಡರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಪ್ರತಿ ಸ್ಥಿತಿಯಲ್ಲೂ ಎಲಿವೇಟರನ್ನು ಮೇಲಕ್ಕೂ ಕೆಳಕ್ಕೂ ಓಡಿಸಿ ನೋಡಿದೆ. ಪ್ರತಿ ಸಲವೂ ಮಗಳು ಫೇರಿಂಗಿಗೆ ಕಿವಿ ಕೊಟ್ಟೇ ಇದ್ದಳು.

ಹಂತ 7: ಡಿಸೆಂಬರ್ 9ರಿಂದ 16, ನೀರು

ಹಿಂಬದಿ ಚಕ್ರದ ವಿಮಾನ ನಿಂತಾಗ ಬಾಲವೇ ಎಲ್ಲಕ್ಕಿಂತ ತಗ್ಗಿನ ಜಾಗ, ಎಲ್ಲಿಂದ ನುಗ್ಗಿದ ನೀರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಬಾಲದೊಳಗೆ ಒಣ ಕಾಗದದ ಟವೆಲ್ ಹಾಸಿ, ತೋಟದ ನೀರಿನ ಕೊಳವೆಯಿಂದ ಹತ್ತು ನಿಮಿಷ ಮಳೆ ಸುರಿಸಿದೆ. ಬದಿಗಳು ಒಣಗಿದ್ದವು. ಲಂಬ ಸ್ಟೆಬಿಲೈಸರಿನ ಮುಂಚೂಣಿ ಫೇರಿಂಗಿನೊಳಗೆ ಇಳಿಯುವ ಮೂಲೆಯಲ್ಲಿ ಮಾತ್ರ, ಎರಡು ಬಾಗುವಿಕೆಗಳು ಕೂಡುವ ಕಡೆ, ಹನಿಹನಿಯಾಗಿ ನೀರು ಇಳಿದಿತ್ತು.

ಆ ಮೂಲೆಗೆ ಸ್ನಾನದ ಮನೆಗೆ ಬಳಸುವ ಸಿಲಿಕೋನ್ ಹಚ್ಚಿದ್ದು ಈ ಕೆಲಸದ ಕೊನೆಯ ತಪ್ಪು. ಸಲಹೆಗಾರರು ಬಂದವರೇ ವಿನಿಗರ್ ವಾಸನೆ ಹಿಡಿದು, ಅದನ್ನು ತೆಗೆಯಲು ಹೇಳಿದರು. ಆ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅಲ್ಯೂಮಿನಿಯಂ ಅದರಿಂದ ತುಕ್ಕು ಹಿಡಿಯುತ್ತದೆ. ಮೇಲಾಗಿ ಸಿಲಿಕೋನಿನ ಎಣ್ಣೆಯಂಥ ಅಂಶ ತಾಗಿದ ಕಡೆ ಬಣ್ಣ ನಿಲ್ಲದೆ, ಮೀನಿನ ಕಣ್ಣಿನಂಥ ಗುಂಡಿಗಳಾಗಿ ಹಿಂಜರಿಯುತ್ತದೆ. ದ್ರಾವಕದಿಂದ ಒರೆಸಿದರೆ ಅದು ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು, ಒರೆಸಿದ ಬಟ್ಟೆಯನ್ನು ಪ್ರತಿ ಸಲವೂ ಎಸೆದು, ಕೊನೆಗೆ ಆ ಜಾಗವನ್ನು ಉಜ್ಜಿ ಮುಗಿಸಲು ಮೂರು ಗಂಟೆ ಹಿಡಿಯಿತು.

ಅದರ ಬದಲು ಪೆಟ್ರೋಲ್ ಟ್ಯಾಂಕಿಗೆ ಬಳಸಿ ಉಳಿದಿದ್ದ, ಎರಡು ಭಾಗಗಳ ಪಾಲಿಸಲ್ಫೈಡ್ ಸೀಲಂಟನ್ನು ತೂಕದಲ್ಲಿ 10ಕ್ಕೆ 1ರಂತೆ ಬೆರೆಸಿದೆ. ಹಳೆಯ ಡಬ್ಬಿಯದ್ದಾದ್ದರಿಂದ ಮೊದಲು ತಗಡಿನ ಚೂರಿನ ಮೇಲೆ ಹಚ್ಚಿ, ಎರಡು ದಿನದಲ್ಲಿ ಸರಿಯಾಗಿ ಗಟ್ಟಿಯಾದುದನ್ನು ನೋಡಿಕೊಂಡೆ. ತಗಡಿಗೆ ಮತ್ತೆ ಪ್ಯಾಕಿಂಗ್ ಟೇಪ್ ಅಂಟಿಸಿ ಮೇಣ ಸವರಿ, ಸೀಲಂಟನ್ನು ಫೇರಿಂಗಿನ ಒಳಮೈಗೆ ಮಾತ್ರ ಹಚ್ಚಿ, ಸ್ಕ್ರೂಗಳನ್ನು ಹಗುರವಾಗಿ ಬಿಗಿದು ಬಿಟ್ಟೆ. ಗಟ್ಟಿಯಾದ ಮೇಲೆ ಬಿಚ್ಚಿದಾಗ, ಆ ಮೂಲೆಯ ಆಕಾರಕ್ಕೇ ಒತ್ತಿಕೊಂಡ ಮೆತ್ತನೆಯ ಗ್ಯಾಸ್ಕೆಟ್ ಫೇರಿಂಗಿಗೆ ಅಂಟಿ ಉಳಿದಿತ್ತು, ತಗಡು ಸ್ವಚ್ಛವಾಗಿತ್ತು. ಫೇರಿಂಗನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ಹಾಕಬಹುದು. ಇಷ್ಟಾದರೂ ಎಲಿವೇಟರಿನ ಸಂದಿನಿಂದ ಸ್ವಲ್ಪ ನೀರು ಬಂದೇ ಬರುತ್ತದೆ. ಅದಕ್ಕಾಗಿ ಒಡಲಿನ ತುತ್ತತುದಿಯ ತಗ್ಗಿನಲ್ಲಿರುವ 1/4 ಇಂಚಿನ ತೂತು ತೆರೆದಿದೆಯೇ ಎಂದು ತಂತಿ ತೂರಿಸಿ ಪರೀಕ್ಷಿಸಿದೆ. ಅದರಲ್ಲಿ ಹಳೆಯ ಪ್ರೈಮರ್ ಗಟ್ಟಿಯಾಗಿ ಅರ್ಧ ಮುಚ್ಚಿತ್ತು, ಬಿಡಿಸಿದೆ.

ಖರ್ಚು ಹೀಗಿದೆ: ಎಪಾಕ್ಸಿ 85 ಡಾಲರ್, ಸ್ಕ್ರೂ ಮತ್ತು ನಟ್‌ಪ್ಲೇಟ್ 46, ಮರಳು ಕಾಗದ 32, ಮೈಕ್ರೊಬಲೂನ್ 18, 100 ಡಿಗ್ರಿಯ ಕೌಂಟರ್‌ಸಿಂಕ್ 16, ಗಾಜಿನ ಬಟ್ಟೆ 14, ರಬ್ಬರ್ 11, ಪೀಲ್ ಪ್ಲೈ 9. ಉಪಯೋಗಕ್ಕೆ ಬಾರದ ಕೌಂಟರ್‌ಸಿಂಕ್ 9, ಸಿಲಿಕೋನ್ 8. ಒಟ್ಟು 248 ಡಾಲರ್.

ಡಿಸೆಂಬರ್ 16ರಂದು ಎರಡನೆಯ ಸಲ ಹತ್ತು ನಿಮಿಷ ನೀರು ಸುರಿಸಿದೆ. ಮೂಲೆಯ ಟವೆಲ್ ಒಣಗಿತ್ತು, ಹಿಂಬದಿಯಲ್ಲಿ ಇಳಿದ ನೀರು ಕೆಳಗಿನ ತೂತಿನಿಂದ ಸಣ್ಣ ಧಾರೆಯಾಗಿ ಗ್ಯಾರೇಜಿನ ನೆಲಕ್ಕೆ ಬಿತ್ತು. ಕೊನೆಯ ತೂಕ, ಗ್ಯಾಸ್ಕೆಟ್ ಮತ್ತು ರಬ್ಬರ್ ಸೇರಿ, 690 ಗ್ರಾಂ. ಗೋಡೆಯ ಮೇಲಿನ 540ರ ಕೆಳಗೆ ಅದನ್ನು ಬರೆದು, ತೂಕ ಮತ್ತು ಸಮತೋಲನದ ಪುಸ್ತಕಕ್ಕೂ ಸೇರಿಸಿದ್ದೇನೆ. ಪ್ರೈಮರ್ ಬಳಿಯುವುದು ಚಳಿ ಕಳೆದ ಮೇಲೆ.